ಗೋದವ್ವನ ಮೈಗೆ ಜುಂಗು ಬಂದದ್ದು

ಲೋಕ ಆಗಷ್ಟೇ ಹುಟ್ಟಿತ್ತು. ಮೈ ಇನ್ನೂ ಒಣಗಿರಲಿಲ್ಲ. ಗುಡ್ಡಗಳು ಹಸಿಹಸಿಯಾಗಿದ್ದವು, ಒರಗಿ ಕುಳಿತರೆ ಬೆನ್ನಿನ ಅಚ್ಚು ಬೀಳುತ್ತಿತ್ತು. ತಾನು ಚೆನ್ನಾಗಿ ಹಾಡುತ್ತೇನೆ ಎಂಬ ಭ್ರಮೆ ಕತ್ತೆಗೆ ಆಗಲೇ ಬಂದುಬಿಟ್ಟಿತ್ತು. ಕಿವಿ ಮುಚ್ಚಿಕೊಳ್ಳುವ ವಿದ್ಯೆ ಮಾತ್ರ, ಪಾಪ, ಉಳಿದವರಿಗೆ ಇನ್ನೂ ಬಂದಿರಲಿಲ್ಲ.

ಆಗ ಎಲ್ಲರೂ ಮಾತಾಡುತ್ತಿದ್ದರು. ಗಾಳಿ ಮಾತಾಡುತ್ತಿತ್ತು, ಹಳ್ಳ ಮಾತಾಡುತ್ತಿತ್ತು, ಹುಲ್ಲು ಮಾತಾಡುತ್ತಿತ್ತು. ಕಲ್ಲು ಒಂದೇ ಸುಮ್ಮನಿರುತ್ತಿತ್ತು. ಅದಕ್ಕೆ ಮಾತು ಬರುತ್ತಿರಲಿಲ್ಲ ಅಂತಲ್ಲ, ಯಾರೂ ಅದನ್ನು ಮಾತಾಡಿಸಿರಲಿಲ್ಲ, ಅಷ್ಟೇ.

ಜನ ಏನು ಮಾಡುತ್ತಿದ್ದರು? ನಡೆಯುತ್ತಿದ್ದರು. ಎದ್ದರೆ ನಡಿಗೆ, ತಿಂದರೆ ನಡಿಗೆ. ಇಲ್ಲಿ ಗೆಡ್ಡೆ ಮುಗಿಯಿತೋ, ಅಲ್ಲಿಗೆ. ಅಲ್ಲಿ ಹಣ್ಣು ಮುಗಿಯಿತೋ, ಇನ್ನೂ ಅಲ್ಲಿಗೆ. ಕೋಲಜ್ಜ ಅಂತ ಒಬ್ಬ ಹಿರಿಯ ಇದ್ದ. ಅವನು ಕೋಲು ಎತ್ತಿದರೆ ಎಲ್ಲರೂ ಗಂಟು ಕಟ್ಟಬೇಕು, ಕೋಲು ಊರಿದರೆ ಎಲ್ಲರೂ ಕೂರಬೇಕು.

ನಡೆಯಲಾಗದವರು ಏನು ಮಾಡಬೇಕು? ಅದಕ್ಕೂ ಒಂದು ರೂಢಿ ಇತ್ತು. ತಂಪು ನೆರಳಿನ ಮರ ನೋಡಿ, ಬುಡದಲ್ಲಿ ಅವರನ್ನು ಕೂರಿಸಿ, ಪಕ್ಕಕ್ಕೆ ಒಂದು ಸೋರೆಬುರುಡೆ ನೀರಿಟ್ಟು, ಹಿಂದಕ್ಕೆ ತಿರುಗದೆ ಹೋಗಿಬಿಡುವುದು. ಆ ಜನ ಕೆಟ್ಟವರೇನಲ್ಲ. ಬೇರೆ ದಾರಿ ಅವರಿಗೆ ಗೊತ್ತಿರಲಿಲ್ಲ.

ಹಾಗೆ ನಡೆಯುತ್ತ ನಡೆಯುತ್ತ ಅವರು ಒಂದು ಕರಿಮಣ್ಣಿನ ಬಯಲಿಗೆ ಬಂದರು. ಅಲ್ಲಿ ಗೋದವ್ವ ನಿಂತಿದ್ದಳು. ಗೋದವ್ವ ಅಂದರೆ ಗೋದಿ. ಆಗಿನ ಗೋದಿ ಈಗಿನ ಹಾಗಲ್ಲ. ಎಲೆ ಬೆಣ್ಣೆ ಸವರಿದಷ್ಟು ನುಣುಪು. ಮುಂಜಾನೆಯ ಇಬ್ಬನಿ ಬಿದ್ದರೆ ನಿಲ್ಲುತ್ತಿರಲಿಲ್ಲ, ಸರ್ ಅಂತ ಜಾರಿ ಬುಡಕ್ಕೆ ಇಳಿಯುತ್ತಿತ್ತು.

"ಎಷ್ಟರ ನಡೀತೀರಿ? ಕುಂದರ್ರಿ," ಅಂದಳು ಗೋದವ್ವ. "ನನ್ನ ಕಾಳು ಬಿತ್ತರಿ, ನಾ ಬೆಳೀತೀನಿ. ನನ್ನ ಕಾವಲ ಕಾಯರಿ, ನಾ ಹೊಟ್ಟಿ ತುಂಬಸ್ತೀನಿ."

ಕೋಲಜ್ಜ ಕೋಲು ಊರಿದ. ಜನ ಕುಂತರು. ಕುಂತ ಮೇಲೆ ಗೊತ್ತಾಯಿತು, ಕೂರುವುದು ಎಷ್ಟು ಸುಖ ಅಂತ.

ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ಅಂಜವ್ವ. ಅವಳ ನಿಜವಾದ ಹೆಸರು ಏನೋ ಇತ್ತು, ಅದು ಅವಳಿಗೇ ಮರೆತುಹೋಗಿತ್ತು. ಯಾವಾಗ ನೋಡಿದರೂ ಅಂಜಿಕೆ, ಅದಕ್ಕೆ ಅಂಜವ್ವ. ಮೋಡ ಕಂಡರೆ ಸಿಡಿಲಿನ ಅಂಜಿಕೆ, ಮೋಡ ಕಾಣದಿದ್ದರೆ ಬರದ ಅಂಜಿಕೆ. ಮಗಳು ಅತ್ತರೆ ಹೊಟ್ಟೆನೋವಿನ ಅಂಜಿಕೆ, ನಕ್ಕರೆ ದೃಷ್ಟಿಯಾದೀತು ಎಂಬ ಅಂಜಿಕೆ.

"ನನ್ನ ಹೇಣ್ತಿ ತನ್ನ ನೆರಳಿಗೂ ಹಾದಿ ಬಿಟ್ಟು ನಡೀತಾಳ್ರೋ!" ಅಂತ ಅವಳ ಗಂಡ ದುಂಡಪ್ಪ ಎಲ್ಲರ ಮುಂದೆ ನಗೆಯಾಡುತ್ತಿದ್ದ. ಎಲ್ಲರೂ ನಗುತ್ತಿದ್ದರು. ಅಂಜವ್ವನೂ ನಗುತ್ತಿದ್ದಳು. ನಗುತ್ತಲೇ ಒಮ್ಮೆ ಹಿಂದಕ್ಕೆ ತಿರುಗಿ ನೋಡುತ್ತಿದ್ದಳು, ಯಾವುದಕ್ಕೂ ಇರಲಿ ಅಂತ.

ಅವಳ ಮಗಳು ಸಣ್ಣಿ. ಬಾಯಿ ಎರಡು ಊರಿಗಾಗುವಷ್ಟು, ಕಾಲು ಮಾತ್ರ ಒಂದೇ. ಎರಡನೆಯದು ಇತ್ತು, ಆದರೆ ಅದು ಬೆಳೆಯುವುದನ್ನು ನಡುವೆಯೇ ಬಿಟ್ಟುಬಿಟ್ಟಿತ್ತು. ಕೂಸಾಗಿದ್ದಾಗ ಅಂಜವ್ವ ಬೆನ್ನಿಗೆ ಕಟ್ಟಿಕೊಂಡು ನಡೆದಳು. ಈಗ ಸಣ್ಣಿ ದೊಡ್ಡವಳಾಗುತ್ತಿದ್ದಳು. ಅವಳು ಎತ್ತರವಾದಷ್ಟೂ ಅಂಜವ್ವನ ಕಣ್ಣು ಹಾದಿಯ ನೆರಳಿನ ಮರಗಳ ಮೇಲೆ ಬೀಳುತ್ತಿತ್ತು, ಎದೆ ಡವಡವ ಅನ್ನುತ್ತಿತ್ತು.

ಈಗ ಜನ ಕುಂತಿದ್ದರು. ಸಣ್ಣಿಯೂ ಕುಂತಿದ್ದಳು. ಎಲ್ಲರೂ ಕುಂತ ಮೇಲೆ ಯಾರ ಕಾಲು ಹೇಗಿದ್ದರೇನು?

ಹಾಗಿರುವಾಗ ಒಂದು ದಿನ ಸುಳಿನೊಣ ಬಂತು.

ಸಣ್ಣ ನೊಣ. ಬೂದಿ ಬಣ್ಣ. ದನಿ ಮಾತ್ರ ಜೇನು.

"ಗೋದಕ್ಕಾ, ನಾನೂ ಮಕ್ಕಳ ತಾಯಿ," ಅಂದಿತು. "ಕೂಸಿನ್ನ ಮಲಗಸಾಕ ಒಂದು ಎಲಿ ಕೊಡ್ತಿ? ಒಂದ ಒಂದು."

ಅಂಜವ್ವ ಹೊಲದ ಬದುವಿನಲ್ಲೇ ಇದ್ದಳು. "ಬ್ಯಾಡವ್ವಾ ಗೋದವ್ವಾ," ಅಂದಳು. "ಇಷ್ಟು ಸಿಹಿ ಮಾತಾಡೂದು ಯಾಕ ಬಂದೈತೋ ಏನೋ."

"ನಿನಗ ಇರುವಿ ಕಂಡ್ರೂ ಅಂಜಿಕಿ," ಅಂದಳು ಗೋದವ್ವ. "ಇಷ್ಟು ಎಲಿ ಅದಾವು, ಒಂದು ಕೊಟ್ರ ಏನಾತು? ಮಲಗಸವ್ವಾ ಮಲಗಸು."

ನೊಣ ಎಲೆಯ ಮೇಲೆ ಒಂದು ಬಿಳಿ ಮೊಟ್ಟೆ ಇಟ್ಟಿತು. ಮೊಟ್ಟೆ ಒಡೆದು ಒಂದು ಹುಳು ಬಂತು. ಎಲೆ ನುಣುಪು ನೋಡಿ, ಹುಳುವಿಗೆ ನಡೆಯುವ ಕಷ್ಟವೇ ಇರಲಿಲ್ಲ. ಸರ್ ಅಂತ ಜಾರಿತು. ಜಾರಿ ಜಾರಿ ನೇರ ಗೋದವ್ವನ ಸುಳಿಯೊಳಕ್ಕೆ ಇಳಿಯಿತು. ಸುಳಿ ಅಂದರೆ ನಡುವಿನ ಎಳೆಚಿಗುರು, ಅಲ್ಲೇ ಗೋದಿಯ ಜೀವ. ಹುಳು ಒಳಗೆ ಕೂತು ತಿಂದಿತು. ಎಲೆಗಳೆಲ್ಲ ಹಸಿರಾಗಿಯೇ ಇದ್ದವು, ನಡುವಿನ ಸುಳಿ ಒಂದೇ ಹಳದಿಯಾಗಿ ಒಣಗಿ ನಿಂತಿತು. ಅಂಜವ್ವ ಹಿಡಿದು ಎಳೆದರೆ ಸುಳಿ ಕೈಗೇ ಬಂತು.

ಅವಳ ಎದೆ ಡವಡವ ಅಂದಿತು.

ಒಂದು ನೊಣ ಹತ್ತಾಯಿತು. ಹತ್ತು ನೂರಾಯಿತು. ಆ ವರ್ಷ ಅರ್ಧ ಹೊಲ ಹೋಯಿತು. ಮುಂದಿನ ವರ್ಷ ಅರ್ಧಕ್ಕಿಂತ ಹೆಚ್ಚು. ದುಂಡಪ್ಪ ಇನ್ನೂ ನಗೆಯಾಡುತ್ತಿದ್ದ, ಆದರೆ ಅವನ ನಗೆಗೆ ಈಗ ಅವನೊಬ್ಬನೇ ನಗುತ್ತಿದ್ದ.

ಒಂದು ಸಂಜೆ ಕೋಲಜ್ಜ ಹೊಲದ ಸುತ್ತ ಒಂದು ಸುತ್ತು ಹಾಕಿದ. ಒಣಗಿದ ಸುಳಿ ಕಿತ್ತು ಮೂಸಿ ನೋಡಿದ. ಆಮೇಲೆ ಸುಮ್ಮನೆ ಬಂದು ತನ್ನ ಕೋಲಿಗೆ ಎಣ್ಣೆ ಸವರತೊಡಗಿದ.

ಕುಂತ ಕೋಲಿಗೆ ಯಾರು ಎಣ್ಣೆ ಹಚ್ಚುತ್ತಾರೆ? ಅಂಜವ್ವ ಮಗಳನ್ನು ಮಡಿಲಿಗೆ ಎಳೆದುಕೊಂಡಳು.

"ಯವ್ವಾ, ಬಿಡ. ನಾ ಏನು ಓಡಿ ಹೊಕ್ಕೀನಾ?" ಅಂದಳು ಸಣ್ಣಿ.

ಬೆಳಗಾಗುತ್ತಿದ್ದಂತೆ ಅಂಜವ್ವ ಹಳ್ಳದ ಹತ್ತಿರ ಹೋಗಿ ಕುಂತಳು. ಹಳ್ಳಕ್ಕೆ ಮಾತೆಂದರೆ ಪ್ರಾಣ. ಗುಡ್ಡಗುಡ್ಡದ ಸುದ್ದಿ ಹೊತ್ತುಕೊಂಡೇ ಹರಿಯುತ್ತಿತ್ತು.

"ಹಳ್ಳವ್ವಾ, ನೊಣಕ್ಕ ಬಗ್ಗದ ಗೋದಿ ಎಲ್ಲೆರ ನೋಡೀಯೇನ?"

"ಗೋದಿ ನೋಡಿಲ್ಲ," ಅಂದಿತು ಹಳ್ಳ. "ಆದ್ರ ಗೋದವ್ವನ ಸೋದರಮಾವನ್ನ ನೋಡೀನಿ. ಜುಂಗಪ್ಪ. ಮ್ಯಾಲೆ ಬೋಳುಗುಡ್ಡದಾಗ ಇರ್ತಾನ. ಅವರಿಬ್ಬರಿಗೂ ಮಾತಿಲ್ಲ. ಯಾಕಂದ್ರ..."

ಹಳ್ಳ ಕಾರಣ ಹೇಳುತ್ತಲೇ ಇತ್ತು. ಅಂಜವ್ವ ಆಗಲೇ ಗುಡ್ಡ ಹತ್ತುತ್ತಿದ್ದಳು.

ಗುಡ್ಡದ ಮೇಲೆ, ಎರಡು ಬಂಡೆಗಳ ಸಂದಿಯಲ್ಲಿ, ಒಂದು ಕಾಡುಹುಲ್ಲು ನಿಂತಿತ್ತು. ಗಿಡ್ಡ, ಒರಟು. ತಲೆಯಿಂದ ಬುಡದವರೆಗೆ ಮೈತುಂಬ ಬಿಳಿ ಜುಂಗು. ಕಾಳಂತೂ ಇರುವೆಯ ಊಟಕ್ಕೂ ಸಾಲದಷ್ಟು ಸಣ್ಣದು.

"ಯಾರು? ಯಾರದು? ಯಾಕ ಬಂದಿ?" ಅಂತ ಜುಂಗಪ್ಪ ಒಂದೇ ಉಸಿರಿಗೆ ಕೇಳಿದ.

ಅಂಜವ್ವನಿಗೆ ತನ್ನದೇ ದನಿ ಕೇಳಿದ ಹಾಗಾಯಿತು.

"ಅಂಜಬ್ಯಾಡಣ್ಣಾ, ನಾನು," ಅಂದಳು. ತಾನು ಇನ್ನೊಬ್ಬರಿಗೆ ಅಂಜಬೇಡ ಅಂದದ್ದು ಅದೇ ಮೊದಲು. "ನಿನ್ನ ಮೈಮ್ಯಾಗ ಯಾಕ ಇಷ್ಟು ಕೂದಲ?"

"ಇದು ಕೂದಲಲ್ಲ, ತಂಗಿ. ಅಂಜಿಕಿ," ಅಂದ ಜುಂಗಪ್ಪ. "ನಮ್ಮಕ್ಕನ ಮಗಳಿಗೆ ನೀವೆಲ್ಲ ಕಾವಲ ಅದೀರಿ. ನನಗ್ಯಾರು? ಹಗಲಿಗೆ ಆಡು, ಇರುಳಿಗೆ ಜಿಂಕಿ, ನಡಕ ಹುಳ. ಹುಟ್ಟಿದ ಮೊದಲನೇ ದಿನ ಮೈ ಜುಂ ಅಂದು ನವಿರೆದ್ದು ನಿಂತಿತು. ಮತ್ತ ಮಲಗಲೇ ಇಲ್ಲ."

ಅಷ್ಟರಲ್ಲಿ ಒಂದು ಸುಳಿನೊಣ ಹಾರಿ ಬಂದು ಅವನ ಎಲೆಯ ಮೇಲೆ ಕೂತಿತು. ಕೂತಿತು ಅನ್ನುವುದಕ್ಕಿಂತ ಜುಂಗಿನ ತುದಿಯಲ್ಲಿ ತೂಗಾಡಿತು. ಮೊಟ್ಟೆ ಇಡಲು ನೋಡಿತು, ಎಲೆ ಎಲ್ಲಿದೆ ಅಂತಲೇ ಸಿಗಲಿಲ್ಲ. ಹೇಗೋ ಒಂದು ಇಟ್ಟು ಹೋಯಿತು. ಅಂಜವ್ವ ಅಲ್ಲೇ ಕಾದು ಕುಂತಳು. ಮೊಟ್ಟೆಯಿಂದ ಹುಳು ಹೊರಬಂದಾಗ ಅದಕ್ಕೆ ಎದುರಾದದ್ದು ಕಾಡು. ಒಂದು ಕೂದಲು ದಾಟಿದರೆ ಇನ್ನೊಂದು, ಅದನ್ನು ದಾಟಿದರೆ ಮತ್ತೊಂದು. ಸುಳಿ ಮುಟ್ಟುವ ಮೊದಲೇ ಬಿಸಿಲೇರಿತು. ಹುಳು ಅಲ್ಲೇ ಒಣಗಿತು.

"ಅಣ್ಣಾ!" ಅಂಜವ್ವ ಎದ್ದು ನಿಂತಳು. "ನಿನ್ನ ಅಂಜಿಕಿ ನಮ್ಮ ಗೋದವ್ವಗ ಒಂಚೂರು ಕೊಡ."

ಜುಂಗಪ್ಪ ನಾಚಿ ಬಾಗಿದ. "ಕೊಡೂದಂದ್ರ ಹೆಂಗ ಕೊಡ್ಲಿ? ಮದುವ್ಯಾದ್ರ ಹುಟ್ಟೋ ಮಕ್ಕಳಿಗೆ ತಾನ ಬರ್ತೈತಿ. ಸೋದರಮಾವ ನಾ. ಹಕ್ಕು ನಂದು. ಹುಟ್ಟಿದಾಗಿಂದ ಕೇಳಾಕತ್ತೀನಿ, ಅಕಿ ಒಲ್ಲೆ ಅಂತಾಳ."

ಅಂಜವ್ವ ಗುಡ್ಡ ಇಳಿದು ಓಡಿ ಬಂದು ಸುದ್ದಿ ಹೇಳಿದ್ದೇ ತಡ, ಗೋದವ್ವ ಸಿಡಿದಳು.

"ಅಂವನ್ನ? ಆ ಬೋಳುಗುಡ್ಡದ ಜುಂಗ್ಯಾನ್ನ? ನನ್ನ ಎಲಿ ಮ್ಯಾಲ ಇಬ್ಬನಿ ಜಾರ್ತೈತಿ. ಅಂವನ ಎಲಿ ಮ್ಯಾಲ ಇರುವಿ ಸುದ್ದಾ ಎಡವಿ ಬೀಳ್ತೈತಿ!"

"ಅದಕ್ಕ ಅಂವ ಬೇಕವ್ವಾ!" ಅಂದಳು ಅಂಜವ್ವ.

ಗೋದವ್ವ ಮುಖ ತಿರುವಿದಳು. ಅವಳ ಮನೆಯ ಪದ್ಧತಿಯೇ ಬೇರೆ ಇತ್ತು. ಅವಳ ಒಂದೊಂದು ಹೂವೂ ಬಾಗಿಲು ಹಾಕಿಕೊಂಡ ಪುಟ್ಟ ಮನೆ. ಮದುಮಗಳೂ ಒಳಗೆ, ಮದುಮಗನೂ ಒಳಗೆ, ಹೂಪುಡಿಯ ಅರಿಸಿನವೂ ಒಳಗೆ. ಹೊರಗಿನವರು ಬಂದು ಬಾಗಿಲು ಬಡಿದರೆ ತೆಗೆಯುತ್ತಲೇ ಇರಲಿಲ್ಲ.

ಅಂಜವ್ವ ಜಗಳಕ್ಕೆ ಹೋಗಲಿಲ್ಲ. ಸಣ್ಣಿಯನ್ನು ಎತ್ತಿಕೊಂಡು ಬಂದು ಗೋದವ್ವನ ಬುಡದಲ್ಲಿ ಕೂರಿಸಿದಳು.

"ಗೋದವ್ವಾ, ನೀ ಒಣಗಿದ್ರ ಕೋಲಜ್ಜ ಕೋಲ ಎತ್ತತಾನ. ಕೋಲ ಎತ್ತಿದ್ರ ಇಕಿನ್ನ ಯಾವ ಗಿಡದ ಬುಡಕ್ಕ ಬಿಡ್ಲಿ ಅಂತ ನೀನ ಹೇಳು."

ಗೋದವ್ವ ಸಣ್ಣಿಯ ಕಾಲು ನೋಡಿದಳು. ಅವಳ ನಡುವೆ ಎಲ್ಲೋ ಒಂದು ಸುಳಿ ಪಟ್ ಅಂತ ಮುರಿದು ಬಿತ್ತು.

"ಬಾಗಿಲಾ ನಾ ತೆಗಿಯೂದಿಲ್ಲ," ಅಂದಳು ಕೊನೆಗೆ, ಸಣ್ಣ ದನಿಯಲ್ಲಿ. "ನೀ ತೆಗದ್ರ ಬ್ಯಾಡ ಅನ್ನೂದಿಲ್ಲ."

ಅಂಜವ್ವ ಒಂದು ಜಾಲಿಮುಳ್ಳು ತಂದಳು.  ಮುಳ್ಳಿನ ತುದಿಯಿಂದ ಒಂದು ಹೂವಿನ ಬಾಗಿಲು ಮೆಲ್ಲಗೆ ಸರಿಸಿದಳು. ಒಳಗಿದ್ದ ಮನೆಯ ಅರಿಸಿನದ ಚೀಲಗಳನ್ನು, ಅವು ಬಿಚ್ಚುವ ಮೊದಲೇ, ಒಂದೊಂದಾಗಿ ಹೊರಗೆ ತೆಗೆದಳು. ಆಮೇಲೆ ಗಾಳಿಯನ್ನು ಕೂಗಿದಳು.

"ಗಾಳೆಪ್ಪಾ, ಗುಡ್ಡದ ಮಾವನ ಅರಿಸಿನ ತಾರಪಾ. ಮೆಲ್ಲಕ ತಾ. ಚೆಲ್ಲಬ್ಯಾಡ."

"ನನಗ ಮೆಲ್ಲಕ ಬರೂದಿಲ್ಲ, ಆದ್ರೂ ನೋಡ್ತೀನಿ," ಅಂತು ಗಾಳಿ. ಉಸಿರು ಹಿಡಿದುಕೊಂಡು ತಂದಿತು. ಜುಂಗಪ್ಪನ ಹಳದಿ ಪುಡಿ ಗೋದವ್ವನ ಹೂವಿನೊಳಗೆ ಬಿತ್ತು. ಅಂಜವ್ವ ಸೆರಗಿನ ತುದಿ ಹರಿದು ತೆನೆಯ ಮೇಲೆ ಮುಸುಕು ಹಾಕಿ ಕಟ್ಟಿದಳು. ಅದೇ ಮದುವೆ. ವಾಲಗಕ್ಕೆ ಜೀರುಂಡೆ, ಬೀಗರ ಕಡೆಯಿಂದ ಎರಡು ಮಿಡತೆ. ಊಟಕ್ಕೆ ಏನೂ ಇಲ್ಲ, ಆದರೂ ಮಿಡತೆಗಳು ಉಂಡೇ ಹೋದವು.

ಮುಸುಕಿನೊಳಗೆ ಕಾಳು ಕಟ್ಟಿತು. ಅಂಜವ್ವ ಅವನ್ನು ಹೊಲದ ಒಂದು ಮೂಲೆಯಲ್ಲಿ ಬೇರೆಯಾಗಿ ಬಿತ್ತಿದಳು. ದಿನಾ ಹೋಗಿ ಬಗ್ಗಿ ನೋಡಿದಳು.

ಹುಟ್ಟಿದ ಮಕ್ಕಳು ಅಪ್ಪನಂತೆ. ಮೈತುಂಬ ಜುಂಗು. ನೊಣ ಬಂತು, ತೂಗಾಡಿತು, ಹೋಯಿತು. ಅಂಜವ್ವ ಉಸಿರು ಬಿಟ್ಟಳು. ಆದರೆ ತೆನೆ ಹಣ್ಣಾದಾಗ ಒಂದು ಕಾಳು ಸುಲಿದು ನೋಡಿದಳು. ಕಾಳು ಅಪ್ಪನ ಕಾಳೇ, ಸಣ್ಣ, ಸೊರಗು. ಮೇಲಾಗಿ ಅಪ್ಪನ ಪುಕ್ಕಲು ಸ್ವಭಾವವೂ ಬಂದುಬಿಟ್ಟಿತ್ತು. ಕುಡುಗೋಲು ಹತ್ತಿರ ಬಂದರೆ ಸಾಕು, ಅಂಜಿ ಕಾಳೆಲ್ಲ ನೆಲಕ್ಕೆ ಉದುರಿಸಿಬಿಡುತ್ತಿದ್ದವು.

"ಬರ್ರೋ, ಬರ್ರೋ, ಮೀಸಿ ಬಂದ ಸೊಸಿ ನೋಡಬರ್ರೋ!" ಅಂತ ದುಂಡಪ್ಪ ಕೂಗಿದ. ಬಹಳ ದಿನಗಳ ಮೇಲೆ ಜನ ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು. ಹೊಟ್ಟೆಯೊಳಗೆ ಏನೂ ಇರಲಿಲ್ಲವಾದ್ದರಿಂದ ಹಿಡಿಯುವುದೂ ಸುಲಭವಾಗಿತ್ತು.

ಕೋಲಜ್ಜ ನಗಲಿಲ್ಲ. "ಇದರಾಗ ಒಂದು ರೊಟ್ಟಿ ಆಕ್ಕೈತೇನವಾ?" ಅಂತ ಕೇಳಿದ. "ಆಗೂದಿಲ್ಲ. ಮುಂದಿನ ಬೆಳಿ ನೋಡ್ತೀನಿ. ಅದ ಕಡೀದು."

ಅಂಜವ್ವ ನೆಲಕ್ಕೆ ಬಿದ್ದ ಸಣ್ಣ ಕಾಳನ್ನು ಆರಿಸುತ್ತ ಕುಂತಳು. ಎಲ್ಲಿ ತಪ್ಪಿದೆ? ಮದುವೆ ಆಯಿತು, ಮಕ್ಕಳಾದವು. ಆದರೆ ಮಕ್ಕಳು ಪೂರಾ ಅಪ್ಪನ ಮನೆಯವೇ ಆದವು. ಅಮ್ಮನ ಮನೆಯ ಗುಣ ಎಲ್ಲಿ ಕಲಿಯಬೇಕು?

ಕೈಯಲ್ಲಿದ್ದ ಕಾಳು ಅಲ್ಲೇ ನಿಂತಿತು.

ತವರಲ್ಲಿ! ಮಕ್ಕಳು ಅಮ್ಮನ ಗುಣ ಕಲಿಯುವುದು ತವರಲ್ಲಿ. ಜುಂಗಪ್ಪನ ಮಕ್ಕಳನ್ನು ಗೋದವ್ವನ ತವರಿಗೆ ಕಳಿಸಬೇಕು. ಅಲ್ಲೇ ಇನ್ನೊಂದು ಸಂಬಂಧ ಬೆಳೆಸಬೇಕು. ಒಮ್ಮೆ ಕೊಟ್ಟದ್ದನ್ನು ಒಮ್ಮೆ ತರಬೇಕು.

ಹಿಂದೆ ಬಿತ್ತಿದ ಜುಂಗಿನ ಮಕ್ಕಳಲ್ಲಿ ಒಂದು ತಡವಾಗಿ ಹುಟ್ಟಿ ಇನ್ನೂ ಹೂವಿನಲ್ಲಿತ್ತು. ಗೋದವ್ವನ ಮನೆಯಲ್ಲೂ ಹುಳುವಿಗೆ ತಪ್ಪಿದ ಒಂದೆರಡು ತೆನೆ ಹೂವಿನಲ್ಲಿದ್ದವು. ಮತ್ತೆ ಜಾಲಿಮುಳ್ಳು, ಮತ್ತೆ ಗಾಳೆಪ್ಪ, ಮತ್ತೆ ಅರಿಸಿನ, ಮತ್ತೆ ಸೆರಗಿನ ಮುಸುಕು. ಅಂಜವ್ವನ ಸೆರಗು ಈಗ ಮೊಣಕೈಯವರೆಗೆ ಬಂದಿತ್ತು. ಸಿಕ್ಕ ಕಾಳು ಒಂದು ಹಿಡಿ. ಅದನ್ನೇ ಬಿತ್ತಿದಳು.

ಈ ಸಲ ಹುಟ್ಟಿದ ಮಕ್ಕಳು ಬಗೆಬಗೆಯವು. ಕೆಲವು ನುಣುಪು, ಗೋದವ್ವನ ಪಡಿಯಚ್ಚು. ಕೆಲವಕ್ಕೆ ಜುಂಗು. ಆದರೆ ಜುಂಗಿನವುಗಳ ದಂಟು ಈಗ ಗಟ್ಟಿ, ಎಲೆ ಅಗಲ, ನಿಲುವು ಅಮ್ಮನದು. ಅಂಜವ್ವ ಬಗ್ಗಿ ಬಗ್ಗಿ ನೋಡಿದಳು. ನೋಡಿ ಖುಷಿಪಟ್ಟಳು, ಖುಷಿಪಟ್ಟು ಅಂಜಿದಳು. ಯಾರಿಗಾದರೂ ಹೇಳಿದರೆ ದೃಷ್ಟಿ ತಾಗೀತು! ತುಟಿ ಬಿಚ್ಚಲಿಲ್ಲ. ಗಂಡನಿಗೂ ಹೇಳಲಿಲ್ಲ.

ಹೇಳಬೇಕಾಗಿತ್ತು.

ಒಂದು ದಿನ ಅವಳು ಗೆಡ್ಡೆ ಅಗೆಯಲು ಗುಡ್ಡದ ಆಚೆ ಹೋದಳು. ದುಂಡಪ್ಪ ಹೆಂಡತಿಯ ಬಾಡಿದ ಮುಖ ನೋಡಿ ನೋಡಿ ಮನಸ್ಸಿನಲ್ಲೇ ನೊಂದಿದ್ದ. ನಗೆಯಾಡುವುದು ಬಿಟ್ಟು ಬೇರೇನಾದರೂ ಮಾಡೋಣ ಅಂತ ಅವನಿಗೂ ಅನ್ನಿಸಿತ್ತು. ಗುಂಪಿನ ಹೆಣ್ಣುಮಕ್ಕಳನ್ನೆಲ್ಲ ಕರೆದ. "ಇವತ್ತು ಅಂಜವ್ವನ ಮೂಲಿಯಾಗ ಕಳೆ ತೆಗದು ಲಕಲಕ ಮಾಡೂಣು. ಬಂದು ನೋಡಿ ಅಕಿ ಬಾಯಿ ಮ್ಯಾಲ ಕೈ ಇಟ್ಕೋಬೇಕು."

ಹಾಗೇ ಆಯಿತು. ಸಂಜೆಗೆ ಅಂಜವ್ವ ಬಂದಳು, ನೋಡಿದಳು, ಬಾಯಿ ಮೇಲೆ ಕೈ ಇಟ್ಟುಕೊಂಡಳು.

ಹೊಲದಲ್ಲಿ ನುಣುಪಾದ ಗಿಡಗಳು ಸಾಲಾಗಿ ನಿಂತಿದ್ದವು. ಬದುವಿನ ಮೇಲೆ ಒಂದು ಗುಪ್ಪೆ ಬಿದ್ದಿತ್ತು. ಗುಪ್ಪೆಯೆಲ್ಲ ಜುಂಗಿನ ಗಿಡ, ಬೇರು ಮೇಲಾಗಿ, ಬಾಡಿ.

"ಜುಂಗು ಹಿಡದದ್ದೆಲ್ಲಾ ಕಿತ್ತು ಒಗದೀವಿ ನೋಡು!" ದುಂಡಪ್ಪ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. "ಗುಡ್ಡದ ಕಳೆ ಎಲ್ಲಾ ಇಲ್ಲೇ ಬಂದು ಹುಟ್ಟಿತ್ತು. ಹೆಂಗೈತಿ ಈಗ?"

ಅಂಜವ್ವ ಕುಸಿದು ಕುಂತಳು. ಗುಪ್ಪೆಗೆ ಕೈ ಹಾಕಿ ಒಂದೊಂದನ್ನೇ ಎತ್ತಿ ನೋಡಿದಳು. ಯಾವುದರ ಬೇರಿಗೂ ಜೀವ ಇರಲಿಲ್ಲ.

"ಕಳೆ ಅಲ್ರೀ..." ಅಂದಳು. 

ದುಂಡಪ್ಪನ ಕೈ ಸೊಂಟದಿಂದ ತಾನಾಗಿ ಇಳಿಯಿತು. "ನೀ ಹೇಳಿಲ್ಲಲ್ಲ," ಅಂದ ಮೆಲ್ಲಗೆ. "ಏನರ ಒಂದು ಮಾತು ಹೇಳಿದ್ರ..."

"ಯವ್ವಾ, ನನ್ನ ಬೆಕ್ಕಿನಮರಿ ಐತಿ," ಅಂತ ಒಂದು ದನಿ ಬಂತು.

ಹೊಲದ ತುದಿಯಲ್ಲಿ ಸಣ್ಣಿ ಕುಂತಿದ್ದಳು. ಬೆಳಿಗ್ಗೆ ಅವಳನ್ನು ಅಲ್ಲಿ ಕೂರಿಸಿ ಕಳೆ ಕೀಳಲು ಶುರುಮಾಡಿದವರು, ಸುತ್ತಲೂ ಕಿತ್ತು ಮುಂದೆ ಹೋಗಿದ್ದರು. ಅವಳ ಎರಡು ಕಾಲಿನ ನಡುವೆ ಒಂದು ಗಿಡ ನಿಂತಿತ್ತು. ಮೈತುಂಬ ಜುಂಗು. ಸಣ್ಣಿ ಅದರ ಎಲೆಯನ್ನು ಬೆರಳಿನಿಂದ ಸವರುತ್ತಿದ್ದಳು.

"ಚಿಗವ್ವ ಕೀಳಾಕ ಬಂದ್ಲು. ಇದು ನನ್ನ ಬೆಕ್ಕಿನಮರಿ, ಮುಟ್ಟಿದ್ರ ಕಚ್ಚತೀನಿ ಅಂದೆ. ಏಳ ಅಂದ್ಲು. ನನಗ ಏಳಾಕ ಬರೂದಿಲ್ಲ, ನಿನಗ ಗೊತ್ತಿಲ್ಲೇನ ಅಂದೆ."

ಒಂದೇ ಒಂದು ಗಿಡ. ಅಂದಿನಿಂದ ಅಂಜವ್ವ ಅದರ ಪಕ್ಕದಿಂದ ಏಳಲಿಲ್ಲ. ದುಂಡಪ್ಪ ಸುತ್ತ ಮುಳ್ಳಿನ ಬೇಲಿ ಕಟ್ಟಿದ. ಕಟ್ಟುವಾಗ ಒಂದೂ ನಗೆಮಾತು ಆಡಲಿಲ್ಲ. ಅದನ್ನು ಕಂಡು ಅಂಜವ್ವನಿಗೆ ಇನ್ನೂ ಅಂಜಿಕೆಯಾಯಿತು.

ನೊಣಗಳು ಬಂದವು. ಸುತ್ತಲಿನ ನುಣುಪು ಗೋದಿಯ ಸುಳಿಗಳು ಒಂದೊಂದಾಗಿ ಹಳದಿಯಾದವು. ಹೊಲ ಬೋಳಾಗುತ್ತ ಬಂದು, ಕೊನೆಗೆ ಆ ಒಂದು ಗಿಡ ಉಳಿಯಿತು. ಜೇನುದನಿಯ ಹಳೆಯ ನೊಣ ತಾನೇ ಹಾರಿ ಬಂತು.

"ಮಗಳ, ಕೂಸಿನ್ನ ಮಲಗಸಾಕ ಒಂದು ಎಲಿ?" ಅಂತ ಕೇಳಿತು.

ಗಿಡ ಮೈಯೆಲ್ಲ ಜುಂ ಅಂದು ನಿಂತಿತು. 

ನೊಣ ಇಳಿಯಿತು. ಕಾಲು ಜುಂಗಿಗೆ ಸಿಕ್ಕಿತು. ಬಿಡಿಸಿಕೊಂಡು ಇನ್ನೊಂದು ಕಡೆ ಇಳಿಯಿತು. ಅಲ್ಲೂ ಜುಂಗು. ಇಟ್ಟ ಮೊಟ್ಟೆ ಕೂದಲ ತುದಿಯಲ್ಲೇ ನೇತಾಡಿತು. ಹೊರಬಂದ ಹುಳು ಒಂದು ಹೆಜ್ಜೆ ಇಟ್ಟಿತು, ಎರಡು ಇಟ್ಟಿತು.  ಸುಳಿಗೆ ಇನ್ನು ಬೆರಳಗಲ ಉಳಿದಿತ್ತು. ಬಿಸಿಲೇರಿತು. ಹುಳು ನಿಂತಿತು. ಮತ್ತೆ ಅಲುಗಲಿಲ್ಲ.

ಗಿಡ ತೆನೆ ಹಾಕಿತು. ಆದರೆ ಕೋಲಜ್ಜ ಕೋಲು ಎತ್ತಿದ.

"ಒಂದು ಗಿಡ ಹೊಲ ಆಗೂದಿಲ್ಲ," ಅಂದ. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು. "ಗಂಟ ಕಟ್ಟರಿ. ಅಲ್ಲೊಂದು ಬನ್ನಿಗಿಡ ಐತಿ. ನೆರಳು ದಟ್ಟ ಐತಿ."

ಯಾರ ಸಲುವಾಗಿ ನೆರಳು ಅಂತ ಯಾರೂ ಕೇಳಲಿಲ್ಲ. ಗಂಟು ಕಟ್ಟಿದರು. ಯಾರೋ ಸೋರೆಬುರುಡೆಯಲ್ಲಿ ನೀರು ತುಂಬಿ ತಂದು ಸಣ್ಣಿಯ ಪಕ್ಕ ಇಟ್ಟು, ಮುಖ ತಿರುಗಿಸಿ ಹೋದರು.

ಸಣ್ಣಿ ನೀರನ್ನು ನೋಡಿದಳು. ಮೊದಲ ಸಲ ಅವಳ ಬಾಯಿಂದ ಮಾತು ಬರಲಿಲ್ಲ.

ಅಂಜವ್ವ ಬುರುಡೆ ಎತ್ತಿಕೊಂಡಳು. ಇದ್ದ ನೀರನ್ನೆಲ್ಲ ಆ ಗಿಡದ ಬುಡಕ್ಕೆ ಹೊಯ್ದಳು. ಎದೆ ಡವಡವ. ಆಮೇಲೆ ಮಗಳ ಪಕ್ಕ ಕಾಲು ಚಾಚಿ ಕುಂತಳು.

"ಅಜ್ಜಾ, ನನಗೂ ಕಾಲು ಬರವಲ್ಲವು," ಅಂದಳು. "ನಡೀಲಾರದಾಕಿ ನಾನೂ."

ಎಲ್ಲರೂ ನಿಂತರು. ದುಂಡಪ್ಪ ಹೆಗಲ ಮೇಲಿನ ಗಂಟು ಹಿಡಿದುಕೊಂಡೇ ನಾಲ್ಕು ಹೆಜ್ಜೆ ಮುಂದೆ ಹೋದ. ಆಮೇಲೆ ಇದ್ದಕ್ಕಿದ್ದಂತೆ ಕುಂಟತೊಡಗಿದ.

"ಯಪ್ಪಾ! ಯವ್ವಾ! ನನ್ನ ಮೊಣಕಾಲ!" ಅಂತ ಕೂಗಿ, ಹೆಂಡತಿಯ ಪಕ್ಕ ದೊಪ್ಪನೆ ಕುಂತ.

ಅದು ಸುಳ್ಳು ಅಂತ ಕತ್ತೆಗೂ ಗೊತ್ತಾಯಿತು.

ಚಿಗವ್ವ, ದುಂಡಪ್ಪನ ತಮ್ಮನ ಹೆಂಡತಿ, ಕಳೆ ಕೀಳಲು ಬಂದವಳು, ಗಂಟು ಇಳಿಸಿದಳು. "ನಂದು ಹಿಮ್ಮಡ, ಅಜ್ಜಾ," ಅಂದಳು. ಅವಳ ಹಿಂದೆ ಒಬ್ಬನಿಗೆ ಸೊಂಟ ಹಿಡಿಯಿತು. ಇನ್ನೊಬ್ಬಳಿಗೆ ಕಾಲಿಗೆ ಮುಳ್ಳು ಚುಚ್ಚಿತು. ನೋಡನೋಡುತ್ತ ಅರ್ಧ ಗುಂಪು ನೆಲಕ್ಕೆ ಬಂತು.

"ಎಲ್ಲಾರಿಗೂ ಕೂಡೇ ಹೋದ್ವೇನ್ರೋ ಕಾಲು?" ಅಂದ ಕೋಲಜ್ಜ. ನಡೆಯಲಾಗದವರಿಗೆ ಅಷ್ಟು ಮರಗಳನ್ನು ತಾನೇ ತೋರಿಸಿ ಬಂದಿದ್ದ ಮುದುಕ, ಯಾರ ಮುಖವನ್ನೂ ನೋಡಲಾಗದೆ ನಿಂತ. ಕೊನೆಗೆ ಕೋಲನ್ನು ಮಣ್ಣಿಗೆ ಚುಚ್ಚಿದ. "ಈ ತೆನಿ ಹಣ್ಣಾಗೂತನ ನಿಲ್ತೀನಿ. ಕಾಳು ಉದರಿತೋ, ಯಾರ ಕಾಲಿದ್ರೂ ಇಲ್ದಿದ್ರೂ ನಡೀಬೇಕು."

ಉಳಿದ ಅರ್ಧ ಗುಂಪು ಕಾಯಲಿಲ್ಲ. ಗಂಟು ಹೊತ್ತುಕೊಂಡು ಹೊರಟುಹೋಯಿತು.

ತೆನೆ ಹಣ್ಣಾಯಿತು. ಬಂಗಾರದ ಬಣ್ಣ. ಕಾಳು ದುಂಡಗೆ, ಗೋದವ್ವನ ಕಾಳೇ. ಆದರೆ ಉದುರುವುದೋ, ನಿಲ್ಲುವುದೋ? ಅಪ್ಪನ ಪುಕ್ಕಲು ಇನ್ನೂ ಉಳಿದಿದ್ದರೆ? ಮುಟ್ಟಿ ನೋಡುವ ಧೈರ್ಯ ಯಾರಿಗೂ ಇರಲಿಲ್ಲ.

"ಗಾಳೆಪ್ಪಾ, ನೀನ ನೋಡಪಾ," ಅಂದಳು ಅಂಜವ್ವ.

"ಮೆಲ್ಲಕೋ, ಜೋರೋ?"

ಅಂಜವ್ವ ಕಣ್ಣು ಮುಚ್ಚಿದಳು. ಮೆಲ್ಲಗೆ ಅನ್ನಬೇಕು ಅಂತ ನಾಲಿಗೆ ಬಯಸಿತು. ಆದರೆ ಮೆಲ್ಲಗೆ ಬೀಸಿದ ಗಾಳಿಗೆ ನಿಂತ ಕಾಳು, ಕುಡುಗೋಲಿಗೆ ಉದುರಿದರೆ?

"ಜೋರ," ಅಂದಳು.

ಗಾಳಿ ಬೀಸಿತು. ಗಿಡ ನೆಲ ಮುಟ್ಟುವಷ್ಟು ಬಾಗಿತು. ಎಲೆಯ ಜುಂಗೆಲ್ಲ ಎದ್ದು ನಿಂತಿತು. ತೆನೆ ಆ ಕಡೆ ಹೊಡೆಯಿತು, ಈ ಕಡೆ ಹೊಡೆಯಿತು. ಗಾಳಿ ನಿಂತಿತು. ಸಣ್ಣಿ ಗಿಡದ ಬುಡದ ಮಣ್ಣನ್ನೆಲ್ಲ ಕೈಯಿಂದ ಸವರಿ ಸವರಿ ಹುಡುಕಿದಳು.

"ಯವ್ವಾ," ಅಂದಳು. "ಏನೂ ಬಿದ್ದಿಲ್ಲ."

ಅಂಜವ್ವ ಕಣ್ಣು ತೆರೆಯುವಷ್ಟರಲ್ಲಿ ಕೋಲಜ್ಜ ತನ್ನ ಕೋಲನ್ನು ಮೊಣಕಾಲಿಗೆ ಕೊಟ್ಟು ಎರಡು ತುಂಡು ಮಾಡಿದ್ದ. ಒಂದು ತುಂಡನ್ನು ಸಣ್ಣಿಯ ಕೈಗೆ ಕೊಟ್ಟ. "ಊರಿಕೊಂಡು ಅಡ್ಡಾಡವಾ," ಅಂದ. ಅಷ್ಟು ಹೇಳಿ ಹಳ್ಳದ ಕಡೆ ಹೋದ. ಅವನು ಅಲ್ಲಿ ಅತ್ತ ಅಂತ ಹಳ್ಳ ಆಮೇಲೆ ಎಲ್ಲರಿಗೂ ಹೇಳಿಕೊಂಡು ಬಂತು.

ಆ ಒಂದು ಗಿಡದ ಕಾಳು ಮುಂದಿನ ಸಲ ಒಂದು ಮಡಿಯಾಯಿತು. ಮಡಿ ಹೊಲವಾಯಿತು. ಹೊಲ ಬಯಲು ತುಂಬಿತು, ಗೋದವ್ವ ಜುಂಗು ಹೊದ್ದು ಮತ್ತೆ ನಿಂತಳು. ಜನ ಕುಂತೇ ಉಳಿದರು, ಕುಂತಲ್ಲಿ ಊರಾಯಿತು.

ಮತ್ತೆ ಆ ನೊಣ?

ಕೊನೆಯ ಸಲ ಅಂಜವ್ವ ಅದನ್ನು ಕಂಡದ್ದು ಬದುವಿನ ಕಲ್ಲಿನ ಮೇಲೆ. ಸೋತು ಬಂದು ಕೂತಿತ್ತು. ಅದರ ಕೈಗೆಲ್ಲ ಗೋದಿಯ ಜುಂಗು ಹತ್ತಿತ್ತು. ಎರಡೂ ಕೈ ಸೇರಿಸಿ ಹೊಸೆಯುತ್ತಿತ್ತು, ಹೊಸೆಯುತ್ತಲೇ ಇತ್ತು.

"ಏನು ವಿಚಾರ ಮಾಡಾಕತ್ತಿ?" ಅಂತ ಕೇಳಿದಳು ಅಂಜವ್ವ.

"ಏನಿಲ್ಲವಾ," ಅಂದಿತು ನೊಣ. ಅದೇ ಜೇನಿನ ದನಿ.

ಅಂಜವ್ವನ ಎದೆ ಡವಡವ ಅಂದಿತು. ಅವಳು ಅಲ್ಲಿಂದಲೇ ಎದ್ದು, ಗುಡ್ಡದ ಮಾವನ ಯೋಗಕ್ಷೇಮ ವಿಚಾರಿಸಲು ಹೊರಟಳು.

ಅದಕ್ಕೇ ಇವತ್ತಿಗೂ ಗೋದಿಯ ಎಲೆಯನ್ನು ಸವರಿದರೆ ಬೆರಳಿಗೆ ಸಣ್ಣ ಜುಂಗು ತಾಗುತ್ತದೆ. ಮತ್ತೆ ನಿಮ್ಮ ತಟ್ಟೆಯ ಅಂಚಿನಲ್ಲಿ ನೊಣವೊಂದು ಕೂತು ಕೈ ಹೊಸೆಯುತ್ತಿದ್ದರೆ, ಅದು ನಿಮಗೆ ಕೈ ಮುಗಿಯುತ್ತಿದೆ ಅಂತ ತಿಳಿಯಬೇಡಿ, ಆ ಜುಂಗನ್ನು ಒರೆಸಿಕೊಳ್ಳುತ್ತ ಅದು ಇನ್ನೂ ವಿಚಾರ ಮಾಡುತ್ತಿದೆ.